ಮುಗೀತು ಅಂದ ಮೇಲೆ ಇನ್ನೊಂದೇ ಸಲ

"ಮೊದಲು ಗುಂಡುಗಳನ್ನೆಲ್ಲ ಮನೆಯಿಂದ ಆಚೆ ಇಡಿ. ಆಮೇಲೆ ನಾನು ಒಳಗೆ ಬರ್ತೀನಿ."

ಬಾಗಿಲು ತೆರೆದ ಕ್ರಿಸ್ಟಾ ಪ್ರುಯಿಟ್‌ಗೆ ಕೇಳಿಸಿದ ಮೊದಲ ಮಾತೇ ಇದು. ಹೇಗಿದ್ದೀರಿ ಇಲ್ಲ, ನಾನು ಇಂಥವನು ಅನ್ನುವುದೂ ಇಲ್ಲ. ಮೆಟ್ಟಿಲ ಮೇಲೆ ನಲವತ್ತು ದಾಟಿದ ಒಬ್ಬ ಉದ್ದನೆಯ ಮನುಷ್ಯ ಬೂದು ಟೋಪಿ ಹಾಕಿಕೊಂಡು ನಿಂತಿದ್ದ. ಹೊಸಿಲಿನಿಂದ ಒಂದು ಮಾರು ಹಿಂದಕ್ಕೇ ನಿಂತಿದ್ದ.

"ನೀವು ಯಾರು ಅಂತ ಹೇಳೋ ಪದ್ಧತಿ ಇಲ್ವಾ?"

"ವೇಡ್ ಲಿಂಡಾಲ್. ಶೆರಿಫ್ ಕಳಿಸಿದ್ದು. ಗುಂಡು ಎಲ್ಲೆಲ್ಲಿದೆ?"

"ಅಡುಗೆಮನೆ ಡ್ರಾಯರಲ್ಲಿ ಒಂದು ಡಬ್ಬಿ. ಪಿಸ್ತೂಲಲ್ಲಿ ಒಂಬತ್ತೋ ಹತ್ತೋ."

"ಒಂಬತ್ತೋ ಹತ್ತೋ?"

ಆ ಎರಡು ಪದಗಳನ್ನು ಅವನು ಹೇಳಿದ ರೀತಿಗೆ ಕ್ರಿಸ್ಟಾಳ ಕಿವಿ ಬಿಸಿಯಾಯಿತು. 'ಇವನೇನು ನನ್ನ ಅಪ್ಪನಾ?' ಅಂದುಕೊಂಡೇ ಎಲ್ಲವನ್ನೂ ಎಣಿಸಿ, ಕಾಫಿಪುಡಿಯ ತಗಡಿನ ಡಬ್ಬಿಗೆ ಹಾಕಿ, ಹೊರಗಿನ ಜಗಲಿಯ ಮೇಲೆ ಕುಕ್ಕಿದಳು.

"ಅಷ್ಟೇನಾ?"

"ಅಷ್ಟೇ."

"ಕೋಟಿನ ಜೇಬು ನೋಡಿ."

ಬೇಕಂತಲೇ ಉದಾಸೀನದಿಂದ ಹೋಗಿ ಗೂಟದ ಮೇಲಿದ್ದ ಕೋಟಿನ ಜೇಬಿಗೆ ಕೈ ಹಾಕಿದಳು. ಒಂದು ಪೆಪ್ಪರ್‌ಮಿಂಟು, ಮಡಿಸಿದ ಚೀಟಿ... ಅದರ ಕೆಳಗೆ ತಣ್ಣಗೆ ಒಂದು ಗುಂಡು. ಕಳೆದ ಅಕ್ಟೋಬರಿನಿಂದ ಅಲ್ಲೇ ಮಲಗಿತ್ತು.

ಅವಳು ಅದನ್ನು ತಂದು ಡಬ್ಬಿಗೆ ಹಾಕಿದಾಗ ಅವನು ಗೆದ್ದವನಂತೆ ನಗಲಿಲ್ಲ. ಟೋಪಿ ತೆಗೆದು, ಕಾಲು ಒರೆಸಿಕೊಂಡು ಒಳಗೆ ಬಂದ.

ನಾನು ಡೋರೀನ್. ಸೇಜ್ ಫೋರ್ಕ್ ಅನ್ನುವ ಈ ಊರಿನ ಒಂದೇ ಒಂದು ಹೋಟೆಲು ನನ್ನದು. ಪೂರ್ವ ಮೊಂಟಾನಾದ ಈ ಬಯಲಿನಲ್ಲಿ ಗಾಳಿ ಬಿಟ್ಟರೆ ಓಡಾಡುವುದು ಮಾತು ಒಂದೇ, ಮತ್ತು ಆ ಮಾತೆಲ್ಲ ನನ್ನ ಟೇಬಲ್ಲುಗಳ ಮೇಲೇ ಹಾದು ಹೋಗಬೇಕು. ಇದನ್ನೆಲ್ಲ ನನಗೆ ಆಮೇಲೆ ಕ್ರಿಸ್ಟಾಳೇ ಹೇಳಿದ್ದು. ಈ ಕಥೆಯಲ್ಲಿ ನನ್ನದೂ ಒಂದು ತಪ್ಪಿದೆ, ಮುಚ್ಚಿಡುವುದಿಲ್ಲ.

ಕ್ರಿಸ್ಟಾ ನಮ್ಮ ಜಿಲ್ಲೆಯ ಜೈಲಿನಲ್ಲಿ ಕಾವಲು ಕೆಲಸ ಮಾಡುತ್ತಿದ್ದಳು. ಮೂವತ್ತೆರಡು ವರ್ಷ, ಒಂಟಿ. ಮೂರು ವರ್ಷದ ಹಿಂದೆ ಒಂದು ಸೂಟ್‌ಕೇಸು ಹಿಡಿದು ಬಂದವಳು. ಬಂದ ಮೊದಲ ಚಳಿಗಾಲದಲ್ಲೇ, "ಡೋರೀನ್, ನಾನು ಸಾಯೋದಾದ್ರೆ ಇಲ್ಲೇ" ಅಂದಿದ್ದಳು.

ಆದರೆ ಜೂನ್ ತಿಂಗಳಿಗೆ ಆ ಜೈಲೇ ಮುಚ್ಚುವುದಿತ್ತು. ಜಿಲ್ಲೆಯ ಪೊಲೀಸರಿಗೆಲ್ಲ ಮೇಲಿನವನಾದ ಶೆರಿಫ್ ಮ್ಯಾಕ್ಲಿನ್ ಕೈಕೆಳಗೆ ಡೆಪ್ಯುಟಿಯ ಒಂದೇ ಒಂದು ಕೆಲಸ ಖಾಲಿ ಇತ್ತು, ಅದು ಕ್ರಿಸ್ಟಾಗೇ ಅಂತ ಆತ ಮನಸ್ಸು ಮಾಡಿದ್ದ. ಉಳಿದಿದ್ದು ಪಿಸ್ತೂಲು ಪರೀಕ್ಷೆ. ಐವತ್ತರಲ್ಲಿ ನಲವತ್ತು ಗುಂಡು ಗುರಿಗೆ ಬೀಳಬೇಕು. ಮಾರ್ಚಿನಲ್ಲಿ ಅವಳದು ಮೂವತ್ತೊಂದೇ ಬಿದ್ದಿತ್ತು.

ಮೇ ತಿಂಗಳ ಕೊನೆಯ ಶನಿವಾರ ಇನ್ನೊಂದು ಅವಕಾಶ. ಅದೂ ಹೋದರೆ ಕೆಲಸವಿಲ್ಲ, ಊರೂ ಇಲ್ಲ. ಬಿಲ್ಲಿಂಗ್ಸ್ ಪಟ್ಟಣದ ಅಣ್ಣನ ಮನೆಯ ನೆಲಮಾಳಿಗೆಗೆ ವಾಪಸು ಹೋಗಬೇಕು.

"ನಿಮ್ಮ ತೊಂದರೆ ಏನು ಅಂತ ಶೆರಿಫ್ ಹೇಳಿದ್ರು," ಅಂದ ವೇಡ್, ಕೋಣೆಯ ಗೋಡೆಗಳನ್ನು ಒಂದೊಂದಾಗಿ ನೋಡುತ್ತ. "ಸದ್ದು ಬರೋಕೆ ಮೊದಲೇ ಕಣ್ಣು ಮುಚ್ತೀರಿ. ಕೈ ಕೆಳಕ್ಕೆ ಜಗ್ಗುತ್ತೆ. ಅದು ಗುಂಡು ಹಾರಿಸಿ ಹಾರಿಸಿ ಹೋಗೋ ರೋಗ ಅಲ್ಲ. ಖಾಲಿ ಪಿಸ್ತೂಲಲ್ಲಿ, ಮನೇಲಿ, ದಿನಾ ಮಾಡ್ಬೇಕು. ಈ ಗೋಡೆ ಆಚೆ ಏನಿದೆ?"

"ನನ್ನ ಗಾಡಿ ನಿಲ್ಲಿಸ್ತೀನಿ. ಆಮೇಲೆ ಹುಲ್ಲುಗಾವಲು."

"ಜನ?"

"ದನಾನೂ ಇಲ್ಲ."

ಆ ಗೋಡೆಗೇ ಒಂದು ಹಳೆಯ ಮೇಜು ಒತ್ತಿಸಿದ. ಆಮೇಲೆ ಅವನ ಗಾಡಿಯಿಂದ ಮರದ ಪೆಟ್ಟಿಗೆಯೊಂದನ್ನು ಇಬ್ಬರೂ ಸೇರಿ, ಏದುಸಿರು ಬಿಡುತ್ತ ಎತ್ತಿ ತಂದು ಮೇಜಿನ ಮೇಲಿಟ್ಟರು. ಅದರ ತುಂಬ ಮುಚ್ಚಿಹೋದ ಶಾಲೆಯ ದಪ್ಪ ದಪ್ಪ ವಿಶ್ವಕೋಶಗಳು, ಬೆರಳು ತೂರದಷ್ಟು ಬಿಗಿಯಾಗಿ ಜೋಡಿಸಿದ್ದವು. ಪೆಟ್ಟಿಗೆಯ ಎದುರು ಹಲಗೆಗೆ ಒಂದು ಕಪ್ಪು ಚುಕ್ಕೆಯ ಕಾಗದ ಅಂಟಿಸಿದ.

ಕ್ರಿಸ್ಟಾಗೆ ನಗು ತಡೆಯಲಾಗಲಿಲ್ಲ. "ಖಾಲಿ ಪಿಸ್ತೂಲಿಗೆ ಇಷ್ಟೊಂದು ಪುಸ್ತಕ ಯಾಕೆ?"

"ಖಾಲಿ ಅಂತ ನಾವು ಅಂದ್ಕೊಂಡಿರೋ ಪಿಸ್ತೂಲಿಗೆ," ಅಂದ ಅವನು.

ಅವಳ ನಗು ಅಲ್ಲಿಗೇ ನಿಂತಿತು.

ಅವನ ನಿಯಮಗಳು ಹೆಚ್ಚೇನೂ ಇರಲಿಲ್ಲ. ಗುಂಡಿನ ಡಬ್ಬಿ ಹೊರಗೆ. ಪಿಸ್ತೂಲು ಬಿಚ್ಚಿ ನೋಡು, ಗುಂಡು ಕೂರುವ ಜಾಗಕ್ಕೆ ಬೆರಳು ಹಾಕಿ ಮುಟ್ಟಿ ನೋಡು, ಮತ್ತೊಮ್ಮೆ ಕಣ್ಣಲ್ಲಿ ನೋಡು. ಹದಿನೈದು ನಿಮಿಷಕ್ಕಿಂತ ಹೆಚ್ಚು ಬೇಡ. ಕೊನೆಗೆ 'ಮುಗೀತು' ಅಂತ ಗಟ್ಟಿಯಾಗಿ ಹೇಳಿ, ಕಾಗದ ಕಿತ್ತು, ಕೋಣೆ ಬಿಟ್ಟು ಆಚೆ ಹೋಗಬೇಕು. ಅರ್ಧ ಗಂಟೆ ಪಿಸ್ತೂಲು ಮುಟ್ಟಬಾರದು. ಗುಂಡು ತುಂಬುವುದಾದರೆ ಆಮೇಲೆ, ಅದೂ ಹೊರಗೆ.

"ಗಟ್ಟಿಯಾಗಿ ಯಾರಿಗೆ ಹೇಳ್ಲಿ? ಮನೇಲಿ ನಾನೊಬ್ಬಳೇ."

"ಮನೇಲಿ ಯಾರಾದ್ರೂ ಇದ್ರೆ ಅವರು 'ಕೇಳಿಸ್ತು' ಅನ್ಬೇಕು. ಆ ಮಾತು ನಂಬ್ಕೊಂಡು ಅವರು ಓಡಾಡೋಕೆ ಶುರು ಮಾಡ್ತಾರೆ. ಯಾರೂ ಇಲ್ಲ ಅಂದ್ರೆ..." ಅವನು ಟೋಪಿಯ ಅಂಚನ್ನು ಬೆರಳಲ್ಲಿ ತಿರುಗಿಸಿದ. "ಒಳ್ಳೇದೇ ಆಯ್ತು."

'ಒಂಟಿಯಾಗಿರೋದು ಒಳ್ಳೇದಾ? ಎಂಥಾ ಮನುಷ್ಯ ಇವನು...' ಅಂದುಕೊಂಡಳು ಕ್ರಿಸ್ಟಾ.

ಮಂಗಳವಾರ, ಗುರುವಾರ ಅವನು ಬರತೊಡಗಿದ. ಪಿಸ್ತೂಲಿನ ನಳಿಗೆಯ ಮೇಲೆ, ತುದಿಗೆ ಹತ್ತಿರ, ಹತ್ತು ಸೆಂಟಿನ ಚಿಕ್ಕ ನಾಣ್ಯ ಇಡುತ್ತಿದ್ದ. ಟ್ರಿಗರ್ ಒತ್ತಬೇಕು, ಟಕ್ ಅನ್ನಬೇಕು, ನಾಣ್ಯ ಬೀಳಬಾರದು.

ಟಕ್. ನಾಣ್ಯ ಬಿತ್ತು.

ಟಕ್. ಬಿತ್ತು.

"ಯಾರೋ ಹೊಡೀತಾರೆ ಅನ್ನೋ ಹಾಗೆ ಮುದುಡ್ತೀರಿ ಪ್ರುಯಿಟ್. ಒಳಗೆ ಏನೂ ಇಲ್ಲ. ಬೆರಳಿಗೆ ಅದನ್ನ ನಂಬಿಸಿ."

"ಬೆರಳು ನನ್ನ ಮಾತು ಕೇಳಿದ್ರೆ ನೀವು ಯಾಕೆ ಬೇಕಿತ್ತು?"

ಅವಳ ಮೊಣಕೈ ಎತ್ತಬೇಕಾದಾಗ ಅವನು ಕೈಯಿಂದ ಮುಟ್ಟುತ್ತಿರಲಿಲ್ಲ, ಪೆನ್ಸಿಲಿನ ತುದಿಯಿಂದ ಎತ್ತುತ್ತಿದ್ದ. ಎರಡನೆಯ ವಾರ ಅವಳು ಕೇಳಿಯೇಬಿಟ್ಟಳು. "ನಾನೇನು ಕಾದ ಬಾಣಲೆನಾ? ಮುಟ್ಟಿದ್ರೆ ಸುಡ್ತೀನಾ?"

ಅವನ ಕಿವಿ ಕೆಂಪಾಯಿತು. ಪೆನ್ಸಿಲು ಮಾತ್ರ ಬಿಡಲಿಲ್ಲ.

ಮೂರನೆಯ ವಾರ, ಒಂದು ಗುರುವಾರ ಮಧ್ಯಾಹ್ನ, ಟಕ್ ಅಂದ ಮೇಲೂ ನಾಣ್ಯ ನಳಿಗೆಯ ಮೇಲೇ ಕೂತಿತ್ತು. ಇಬ್ಬರೂ ಉಸಿರು ಬಿಡದೆ ಅದನ್ನೇ ನೋಡಿದರು. ಆಮೇಲೆ ವೇಡ್ ನಕ್ಕ. ಆ ಮುಖದಲ್ಲಿ ಅಂಥದೊಂದು ನಗು ಇರಬಹುದು ಅಂತ ಕ್ರಿಸ್ಟಾ ಎಣಿಸಿರಲೇ ಇಲ್ಲ.

'ಅಯ್ಯೋ... ನಾನು ಕೆಟ್ಟೆ,' ಅಂದುಕೊಂಡಳು.

ಅಂದಿನಿಂದ ಪಾಠ ಮುಗಿದ ಮೇಲೆ ಅವನು ಊಟಕ್ಕೂ ನಿಲ್ಲತೊಡಗಿದ. ಅವಳು ಬೀನ್ಸು, ಮಾಂಸ ಹಾಕಿ ಖಾರವಾಗಿ ಬೇಯಿಸಿದ್ದನ್ನು ಇಬ್ಬರೂ ಜಗಲಿಯ ಮೇಲೆ ಕೂತು ತಿನ್ನುತ್ತಿದ್ದರು. ಅವನು ತಾನು ಕೆಲಸ ಮಾಡುವ ದನದ ಆಸ್ಪತ್ರೆಯ ತಮಾಷೆಗಳನ್ನು ಹೇಳುತ್ತಿದ್ದ, ಅವಳು ಕೈದಿಗಳ ಪತ್ರಗಳ ಬಗ್ಗೆ ಹೇಳುತ್ತಿದ್ದಳು. ಬೆಳಗ್ಗೆ ಎದ್ದರೆ ಇವತ್ತು ಮಂಗಳವಾರವಾ ಗುರುವಾರವಾ ಅನ್ನುವುದೇ ಅವಳ ಮೊದಲ ಯೋಚನೆಯಾಯಿತು.

ಒಂದು ಮಾತ್ರ ಅವಳಿಗೆ ಚುಚ್ಚುತ್ತಿತ್ತು. ಅಭ್ಯಾಸದ ಕೊನೆಗೆ ಅವಳು "ಮುಗೀತು" ಅಂದಾಗ ಅವನು ಅಡುಗೆಮನೆಯಲ್ಲೇ ಇರುತ್ತಿದ್ದ. ಆದರೂ "ಕೇಳಿಸ್ತು" ಅಂತ ಒಮ್ಮೆಯೂ ಅನ್ನಲಿಲ್ಲ. ಸುಮ್ಮನೆ ನಲ್ಲಿಯ ಬಳಿ ಬೆನ್ನು ತಿರುಗಿಸಿ ನಿಂತುಬಿಡುತ್ತಿದ್ದ.

'ಈ ಮನೆಯವನು ಅನ್ನಿಸ್ಕೊಳ್ಳೋದು ಅವನಿಗೆ ಬೇಡ ಅನ್ಸುತ್ತೆ...'

ಈಗ ನನ್ನ ತಪ್ಪಿಗೆ ಬರುತ್ತೇನೆ.

ಪರೀಕ್ಷೆಗೆ ಒಂದು ವಾರವಿತ್ತು. ಕ್ರಿಸ್ಟಾ ಹೋಟೆಲಿಗೆ ಬಂದು ಎರಡು ದಾಲ್ಚಿನ್ನಿ ರೋಲು ಕಟ್ಟಿಸಿಕೊಂಡಳು. ಮುಖ ಹೊಳೆಯುತ್ತಿತ್ತು.

"ಎರಡನೇದು ಯಾರಿಗೇ?" ಅಂದೆ.

"ವೇಡ್‌ಗೆ."

ಸುಮ್ಮನಿರಬಹುದಿತ್ತು. ನನ್ನ ಬಾಯಿಗೆ ಬೀಗ ಹಾಕಿದವರು ಈವರೆಗೆ ಯಾರೂ ಇಲ್ಲ. "ಹುಷಾರು ಕಣೇ ಹುಡುಗಿ. ಅವನ ಹೆಂಡತಿ ಅನಿಕಾ ಸತ್ತಿದ್ದು ಅವನ ಗುಂಡಿಗೇ. ಮನೇಲೇ, ಹಾಡಹಗಲು. ಆರು ವರ್ಷ ಆಯ್ತು."

ಅವಳ ಕೈ ಪೊಟ್ಟಣದ ಮೇಲೇ ನಿಂತಿತು.

"ಆಕಸ್ಮಿಕ ಅಂತ ಬರ್ಕೊಂಡ್ರು. ಇಪ್ಪತ್ತು ವರ್ಷ ಪಿಸ್ತೂಲು ಹಿಡಿದವನ ಕೈಲಿ ಎಂಥಾ ಆಕಸ್ಮಿಕ? ಅವಳು ಬಿಟ್ಟು ಹೋಗ್ತೀನಿ ಅಂದಿದ್ಲಂತೆ."

ಅಂತೆ ಕಂತೆಗಳ ಸಂತೆ ಅಂತಾರಲ್ಲ, ಆ ಸಂತೆ ನಡೆಯುವುದು ನನ್ನ ಹೋಟೆಲಿನಲ್ಲೇ. ಕ್ರಿಸ್ಟಾ ರೋಲುಗಳನ್ನು ಅಲ್ಲೇ ಬಿಟ್ಟು ಗಾಡಿ ಹತ್ತಿದಳು.

ವೇಡ್‌ನ ಮನೆಯ ಬಾಗಿಲು ತೆರೆದೇ ಇತ್ತು. ಅವಳು ಹಿಂದೆಂದೂ ಒಳಗೆ ಬಂದಿರಲಿಲ್ಲ. ಅವನು ಕರೆದೂ ಇರಲಿಲ್ಲ. ನಡುಮನೆಯ ಒಳಗೋಡೆಯಲ್ಲಿ, ಎದೆಯ ಎತ್ತರಕ್ಕೆ, ಕಿರುಬೆರಳು ಗಾತ್ರದ ಒಂದು ತೂತು. ಅದರ ಮೇಲೆ ಪಟವಿಲ್ಲ, ಗಾರೆ ಮೆತ್ತಿಲ್ಲ. ಆ ತೂತಿನಿಂದ ಪಕ್ಕದ ಕೋಣೆಯ ಕಿಟಕಿ ಬೆಳಕು ಸಣ್ಣಗೆ ಬರುತ್ತಿತ್ತು.

ವೇಡ್ ಅಡುಗೆಮನೆಯಿಂದ ಬಂದವನು ಅವಳು ಏನು ನೋಡುತ್ತಿದ್ದಾಳೆ ಅಂತ ಕಂಡು ನಿಂತ.

"ಯಾರಾದ್ರೂ ಹೇಳಿದ್ರಾ?"

"ನಿಮ್ಮ ಬಾಯಿಂದ ಕೇಳ್ಬೇಕು. ಅನಿಕಾನ ಕೊಂದಿದ್ದು ನೀವಾ?"

"ಹೌದು."

ಒಂದು 'ಆದರೆ' ಬರುತ್ತದೆ ಅಂತ ಅವಳು ಕಾದಳು. ಬರಲಿಲ್ಲ.

"ಹೇಗೆ?"

"ಅಭ್ಯಾಸ ಮುಗಿಸಿದೆ. ಗುಂಡು ತುಂಬಿದೆ. ಕಾಗದ ಗೋಡೆ ಮೇಲೇ ಇತ್ತು. ಇನ್ನೊಂದೇ ಸಲ ಅಂದ್ಕೊಂಡೆ."

"ತುಂಬಿ ಎಷ್ಟು ಹೊತ್ತಾಗಿತ್ತು?"

"ಎರಡು ನಿಮಿಷ."

"ಎರಡು ನಿಮಿಷ... ಎರಡು ನಿಮಿಷದ ಹಿಂದೆ ನಿಮ್ಮ ಕೈಯಾರೆ ತುಂಬಿದ್ದು ಮರೆತೋಯ್ತಾ? ನನ್ನ ಕೋಟಿನ ಜೇಬಲ್ಲಿ ಗುಂಡಿದೆ ಅಂತ ವಾಸನೆ ಹಿಡಿದ ಮನುಷ್ಯನಿಗೆ? ಯಾರನ್ನ ನಂಬಿಸ್ತೀರಿ? ಅಂಥಾ ಮರೆವು ಯಾವ ಮನುಷ್ಯನಿಗೂ ಇರಲ್ಲ."

"ನೀವು ನಂಬಬೇಕು ಅಂತ ನಾನು ಕೇಳಿಲ್ಲ."

"ಅವಳು ನಿಮ್ಮನ್ನ ಬಿಟ್ಟು ಹೋಗ್ತಿದ್ಲು, ಅಲ್ವಾ?"

ಅವನು ಕೆನ್ನೆಗೆ ಏಟು ಬಿದ್ದವನ ಹಾಗೆ ನೋಡಿದ. "ನಾನೇ ಕೊಂದಿದ್ದು. ಅದ್ರಲ್ಲಿ ಅನುಮಾನ ಬೇಡ," ಅಂದ.

ಅವಳಿಗೆ ಅದೇ ಸಾಕಾಯಿತು.

"ಇನ್ಮೇಲೆ ನಮ್ಮ ಮನೆ ಕಡೆ ಬರ್ಬೇಡಿ."

"ಬರಲ್ಲ. ಪೆಟ್ಟಿಗೆ ಮಾತ್ರ ಅಲ್ಲೇ ಇರ್ಲಿ ಪ್ರುಯಿಟ್. ಪರೀಕ್ಷೆ ಮುಗಿಯೋವರೆಗಾದ್ರೂ."

ಮನೆಗೆ ಬಂದವಳೇ ಆ ಪೆಟ್ಟಿಗೆಯನ್ನು ಕೆಳಗೆ ಇಳಿಸಲು ನೋಡಿದಳು. ಅದಕ್ಕೆ ಅವನ ಕೈ ತಾಗಿತ್ತು, ಅದು ಅವಳ ಕಣ್ಣಿಗೆ ಬೇಡವಾಗಿತ್ತು. ಭುಜ ಕೊಟ್ಟು ತಳ್ಳಿದಳು, ಬೈದಳು, ಅತ್ತಳು. ಇಬ್ಬರು ಸೇರಿ ಎತ್ತಿದ ಪೆಟ್ಟಿಗೆ ಒಬ್ಬಳ ಕೈಗೆ ಮಿಸುಕಲಿಲ್ಲ.

ಪರೀಕ್ಷೆಯ ಹಿಂದಿನ ದಿನ, ಶುಕ್ರವಾರ, ಬೆಳಗ್ಗಿನಿಂದಲೇ ಧೂಳುಗಾಳಿ. ಮೂರೂವರೆಗೆ ಅವಳು ಕೆಲಸಕ್ಕೆ ಹೊರಡಬೇಕು, ಜೈಲಿಗೆ ಮೂವತ್ತು ಮೈಲಿ ಖಾಲಿ ರಸ್ತೆ. ಅದಕ್ಕೂ ಮೊದಲು ಕೊನೆಯ ಅಭ್ಯಾಸ ಅಂತ ನಿಂತಳು. ಗಾಳಿ ಬೀಸದ ಬದಿಯ ಕಿಟಕಿ ಸೆಖೆಗೆ ತೆರೆದಿತ್ತು.

ಟಕ್. ಟಕ್. ಟಕ್.

ವೇಡ್‌ನ ಮೇಲಿನ ಸಿಟ್ಟೆಲ್ಲ ಕೈಗೆ ಇಳಿದು ಗಟ್ಟಿಯಾಗಿತ್ತೋ ಏನೋ, ನಾಣ್ಯ ಹತ್ತೊಂಬತ್ತು ಸಲ ಅಲ್ಲಾಡಲಿಲ್ಲ. ಇಪ್ಪತ್ತನೆಯ ಸಲ ಮಾತ್ರ ಜಾರಿ ನೆಲಕ್ಕೆ ಬಿತ್ತು.

ಗಡಿಯಾರ ನೋಡಿದಳು. ಹೊತ್ತಾಗಿತ್ತು.

"ಮುಗೀತು," ಅಂದಳು ಗಟ್ಟಿಯಾಗಿ. ಯಾರ ಮೇಲೆ ಎಷ್ಟು ಕೋಪವಿದ್ದರೂ ನಾಲಿಗೆಗೆ ಅಭ್ಯಾಸ ಅಂಟಿಕೊಂಡಿತ್ತು.

ಜಗಲಿಯ ಮೇಲೆ ಧೂಳು ಏಳುತ್ತಿದ್ದರಿಂದ ತಗಡಿನ ಡಬ್ಬಿಯನ್ನು ಒಳಗೇ ತಂದಳು. 'ಒಂದು ಸಲಕ್ಕೆ ಏನಾಗುತ್ತೆ?' ಹತ್ತು ಗುಂಡು ಎಣಿಸಿ ತುಂಬಿದಳು, ಪಿಸ್ತೂಲಿನ ಮೇಲಿನ ಭಾಗ ಹಿಂದಕ್ಕೆಳೆದು ಬಿಟ್ಟು ಮೊದಲ ಗುಂಡನ್ನು ನಳಿಗೆಗೆ ಏರಿಸಿದಳು. ಪಿಸ್ತೂಲನ್ನು ಸೊಂಟದ ಚೀಲಕ್ಕೆ ಸೇರಿಸಿದಳು. ಬೂಟಿನ ದಾರ ಕಟ್ಟಲು ಬಗ್ಗಿದಾಗ ನೆಲದ ಮೇಲೆ ನಾಣ್ಯ ಕಂಡಿತು.

ಎತ್ತಿಕೊಂಡಳು. ಎದುರಿಗೆ, ಪೆಟ್ಟಿಗೆಯ ಮೇಲೆ ಕಾಗದ ಹಾಗೇ ಇತ್ತು. ಕಪ್ಪು ಚುಕ್ಕೆ ಅವಳನ್ನೇ ನೋಡುತ್ತಿತ್ತು.

'ಬಿದ್ದ ನಾಣ್ಯದ ಜೊತೆ ಮುಗಿಸಬಾರದು. ನಾಳೆ ಅದೇ ತಲೇಲಿ ಇರುತ್ತೆ...'

ಪಿಸ್ತೂಲು ತೆಗೆದಳು. ನಾಣ್ಯವನ್ನು ನಳಿಗೆಯ ಮೇಲಿಟ್ಟಳು. ಕಣ್ಣು ನಿಚ್ಚಳವಾಗಿ ತೆರೆದಿತ್ತು, ಕೈ ಬಂಡೆಯಂತಿತ್ತು. ಅವಳ ಜೀವನದಲ್ಲೇ ಅಷ್ಟು ಚೆನ್ನಾಗಿ ಯಾವತ್ತೂ ನಿಂತಿರಲಿಲ್ಲ.

ಇನ್ನೊಂದೇ ಸಲ.

ಕೋಣೆ ಸಿಡಿಯಿತು.

ಕಿವಿಯಲ್ಲಿ ಗುಂಯ್ ಅನ್ನುವ ಸದ್ದು ಬಿಟ್ಟರೆ ಏನೂ ಇಲ್ಲ. ಮದ್ದಿನ ವಾಸನೆ. ಕಾಗದದ ಕಪ್ಪು ಚುಕ್ಕೆಯ ನಟ್ಟನಡುವೆ ಒಂದು ತೂತು. ಅವಳು ಪಿಸ್ತೂಲನ್ನು ನೋಡಿದಳು, ಡಬ್ಬಿಯನ್ನು ನೋಡಿದಳು, ಮತ್ತೆ ಪಿಸ್ತೂಲನ್ನು ನೋಡಿದಳು. ಇದು ಹೇಗೆ ಆಯಿತು ಅಂತ ತಲೆಗೆ ಹತ್ತಲೇ ಇಲ್ಲ.

ಅಷ್ಟರಲ್ಲಿ ತೆರೆದ ಕಿಟಕಿಯ ಆಚೆ, ಗಾಳಿಗೆ ಉರುಳುತ್ತ ಅಂಗಳ ದಾಟಿ ಹುಲ್ಲುಗಾವಲಿನ ಕಡೆ ಒಂದು ಟೋಪಿ ಹೋಯಿತು.

ಬೂದು ಬಣ್ಣದ ಟೋಪಿ.

ಪಿಸ್ತೂಲನ್ನು ಮೇಜಿನ ಮೇಲಿಟ್ಟಿದ್ದು ಅವಳಿಗೆ ನೆನಪಿಲ್ಲ. ಬಾಗಿಲು, ಜಗಲಿ, ಮನೆಯ ಮೂಲೆ... ಕಾಲು ನೆಲಕ್ಕೆ ತಾಗುತ್ತಿತ್ತೋ ಇಲ್ಲವೋ. ದಾರಿಯುದ್ದಕ್ಕೂ ಬಾಯಿಂದ ಒಂದೇ ಪದ ಬರುತ್ತಿತ್ತು. "ಬೇಡ... ಬೇಡ... ಬೇಡ..."

ಅವಳ ಗಾಡಿಯ ಹಿಂದಿನ ಚಕ್ರಕ್ಕೆ ಒರಗಿ, ಕಾಲು ಚಾಚಿ ಅವನು ನೆಲದ ಮೇಲೆ ಕೂತಿದ್ದ. ಸರಿಯಾಗಿ ಆ ಗೋಡೆಯ ಆಚೆ. ಮುಖ ಬಿಳುಚಿಕೊಂಡಿತ್ತು.

ಅವಳು ಮಂಡಿಯೂರಿ ಅವನ ಎದೆ, ಭುಜ, ಹೊಟ್ಟೆ ಎಲ್ಲ ತಡವಿದಳು. "ಎಲ್ಲಿ ಬಿತ್ತು? ಎಲ್ಲಿ ವೇಡ್? ಹೇಳಿ, ಎಲ್ಲಿ?"

"ಬಿದ್ದಿಲ್ಲ." ಅವನ ತುಟಿ ಒಣಗಿತ್ತು. "ಸದ್ದಿಗೆ ಕಾಲು ಸೋತೋಯ್ತು, ಅಷ್ಟೇ. ಕ್ರಿಸ್ಟಾ... ನಿಂಗೇನಾದ್ರೂ ಆಯ್ತಾ?"

ಅವನು ಅವಳ ಹೆಸರು ಹಿಡಿದು ಕರೆದಿದ್ದು ಅದೇ ಮೊದಲು. ಅವಳು ತಲೆ ಎತ್ತಿ ಗೋಡೆ ನೋಡಿದಳು. ಬಿಳಿ ಹಲಗೆಗಳ ಮೇಲೆ ಒಂದು ಗೀರೂ ಇರಲಿಲ್ಲ. ಗುಂಡು ಒಳಗೇ, ಆ ಪುಸ್ತಕಗಳಲ್ಲೇ ಉಳಿದಿತ್ತು.

"ಬರ್ಬೇಡಿ ಅಂದಿದ್ನಲ್ಲ... ಇಲ್ಲಿಗೆ ಯಾಕೆ ಬಂದ್ರಿ?"

ಅವನ ಮುಷ್ಟಿಯಲ್ಲಿ ಮುದುಡಿದ ಒಂದು ಚೀಟಿ ಇತ್ತು. ಬಿಡಿಸಿ ನೋಡಿದಳು. 'ನಲವತ್ತು ಸಾಕು. ಕಣ್ಣು ತೆರೆದಿರಲಿ. ವೇಡ್.'

"ನಿನ್ನ ಗಾಡೀಲಿ ಇಟ್ಟು ಹೋಗೋಣ ಅಂತ ಬಂದೆ. ಟಕ್ ಟಕ್ ಕೇಳಿಸ್ತಿತ್ತು. ಅದಕ್ಕೇ ಬೇಲಿ ಹತ್ರಾನೇ ನಿಂತ್ಕೊಂಡೆ, ಹತ್ತು ನಿಮಿಷ. ಆಮೇಲೆ ನೀನು ಮುಗೀತು ಅಂದೆ. ಅದಕ್ಕೇ ಗೋಡೆ ಪಕ್ಕ ಬಂದೆ."

ಕ್ರಿಸ್ಟಾ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು.

"ಅನಿಕಾನೂ ಹಾಗೇ," ಅಂದ ಅವನು, ಗೋಡೆಯನ್ನೇ ನೋಡುತ್ತ. "ನಾನು ಅಭ್ಯಾಸ ಮಾಡುವಾಗ ಅವಳು ಹಿತ್ತಲಲ್ಲೇ ಇರ್ತಿದ್ಲು. ಅವತ್ತು ಮುಗೀತು ಅಂದೆ. ಕೇಳಿಸ್ತು ಅಂದ್ಲು. ಒಗೆದ ಬಟ್ಟೆ ಎತ್ಕೊಂಡು ಗೋಡೆ ಆಚೆ ಕೋಣೆಗೆ ಬಂದ್ಲು, ಮಡಚೋಕೆ. ಅವಳು ಎಲ್ಲಿಗೂ ಹೊರಟಿರಲಿಲ್ಲ ಕ್ರಿಸ್ಟಾ. ನನ್ನ ಮಾತು ನಂಬ್ಕೊಂಡು ಒಳಗೆ ಬಂದ್ಲು, ಅಷ್ಟೇ."

ಗಾಳಿ ಧೂಳನ್ನು ಅವರ ಮೇಲೆ ಎರಚುತ್ತಿತ್ತು.

"ಎರಡು ನಿಮಿಷಾನೂ ಆಗಿರಲಿಲ್ಲ ವೇಡ್," ಅಂದಳು ಕ್ರಿಸ್ಟಾ. "ನಾನೇ ತುಂಬಿದ್ದು. ಎಣಿಸಿ ತುಂಬಿದ್ದು. ಎರಡು ನಿಮಿಷಾನೂ ಆಗಿರಲಿಲ್ಲ."

"ಗೊತ್ತು."

"ನಾನು ನಿಂಗೆ ಏನೇನು ಅಂದುಬಿಟ್ಟೆ..."

"ಅದನ್ನ ಆರು ವರ್ಷದಿಂದ ನಾನೇ ನಂಗೆ ಹೇಳ್ಕೋತಿದ್ದೆ. ನೀನು ಹೇಳಿದ್ದು ಹೊಸದೇನಲ್ಲ."

ಅವಳು ಅವನ ಎದೆಗೆ ಹಣೆಯಿಟ್ಟು ಅತ್ತಳು. ಅವನ ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ಹಾಗೇ ನಿಂತಿತು. ಆಮೇಲೆ ಪೆನ್ಸಿಲಿಲ್ಲದ ಆ ಕೈ ಅವಳ ತಲೆಯ ಮೇಲೆ ಇಳಿಯಿತು.

ಅಳು ನಿಂತ ಮೇಲೆ ಅವಳು ಫೋನು ತೆಗೆದಳು.

"ಶೆರಿಫ್‌ಗಾ?" ಅಂದ ವೇಡ್. "ಹೇಳಿದ್ರೆ ನಾಳೆ ಪರೀಕ್ಷೆ ಇರಲ್ಲ."

ಅದು ಅವಳಿಗೂ ಗೊತ್ತಿತ್ತು. ಸುತ್ತ ಮೂರು ಮೈಲಿ ಮನೆಗಳಿಲ್ಲ, ಸದ್ದು ಯಾರಿಗೂ ಕೇಳಿಸಿಲ್ಲ. ಕಾಗದ ಕಿತ್ತುಹಾಕಿದರೆ ಸಾಕು, ಗುಂಡು ಪುಸ್ತಕಗಳ ನಡುವೆ ಹೂತುಹೋಗುತ್ತದೆ. ನಾಳೆ ನಲವತ್ತು ಹೊಡೆದರೆ ಕೆಲಸ, ಊರು, ಮನೆ ಎಲ್ಲ ಉಳಿಯುತ್ತದೆ. ಈ ಕೈಯಿಂದ ನಲವತ್ತು ಹೊಡೆಯಬಲ್ಲೆ ಅಂತಲೂ ಅವಳಿಗೆ ಗೊತ್ತಿತ್ತು.

"ನೀನು ಆ ಗೋಡೆ ತೂತನ್ನ ಮುಚ್ಚದೇ ಇಟ್ಕೊಂಡಿದ್ದೀಯಲ್ಲ," ಅಂದಳು. "ನಾನು ಮುಚ್ಚಿಟ್ರೆ ನಿನ್ನ ಮುಖ ಹೇಗೆ ನೋಡ್ಲಿ?"

ಫೋನು ಮಾಡಿದಳು.

ಶೆರಿಫ್ ಮ್ಯಾಕ್ಲಿನ್ ಬಂದ. ಪೆಟ್ಟಿಗೆ ತೆಗೆಸಿ ನೋಡಿದ. ಗುಂಡು ನಾಲ್ಕು ಪುಸ್ತಕ ದಾಟಿ ಐದನೆಯದರಲ್ಲಿ ನಿಂತಿತ್ತು. ಆತ ಬೈಯಲಿಲ್ಲ, ಅದೇ ಅವಳಿಗೆ ಹೆಚ್ಚು ಕಷ್ಟವಾಯಿತು. "ಇವತ್ತು ಕೆಲಸಕ್ಕೆ ಬರ್ಬೇಡ. ಪರೀಕ್ಷೆಗೆ ನವೆಂಬರಲ್ಲಿ ಮತ್ತೆ ಬಾ. ಅಷ್ಟರಲ್ಲಿ ಬೇರೆಯವರು ಬಂದ್ರೆ ನನ್ನ ಕೈಲಿಲ್ಲ," ಅಂತ ಹೇಳಿ ಹೊರಟುಹೋದ.

ಇಬ್ಬರೂ ಜಗಲಿಯ ಮೇಲೆ ಕೂತರು. ಒಲೆ ಹಚ್ಚುವ ಶಕ್ತಿ ಯಾರಿಗೂ ಇರಲಿಲ್ಲ.

"ಜೂನ್ ಮುಗಿದ್ರೆ ನಾನು ಊರು ಬಿಡ್ಬೇಕು," ಅಂದಳು ಕ್ರಿಸ್ಟಾ.

"ಹೋಗ್ಬೇಡ."

"ಯಾಕೆ?"

ಅವನು ಟೋಪಿಯಿಲ್ಲದ ತಲೆ ಕೆರೆದುಕೊಂಡ. "ನೀನಂದ್ರೆ ನಂಗೆ ಇಷ್ಟ. ತುಂಬಾ ದಿನದಿಂದ. ಹೇಳೋ ಯೋಗ್ಯತೆ ನಂಗಿಲ್ಲ ಅಂದ್ಕೊಂಡಿದ್ದೆ. ಈಗಲೂ ಇದೆ ಅಂತಲ್ಲ... ಆದ್ರೂ ಹೋಗ್ಬೇಡ."

"ಇವತ್ತು ನನ್ನ ಕೈಲಿ ನೀನು ಸಾಯ್ತಿದ್ದೆ ವೇಡ್."

"ಸಾಯಲಿಲ್ಲ. ನೀನು ಆ ಪೆಟ್ಟಿಗೆ ಇಳಿಸಲಿಲ್ಲ."

"ಇಳಿಸೋಕೆ ನೋಡಿದ್ದೆ." ಅಳುವಿನ ಮಧ್ಯೆಯೇ ಅವಳು ನಕ್ಕಳು. "ಆಗಲಿಲ್ಲ."

ಅವಳು ಹೋಗಲಿಲ್ಲ. ಜೂನ್ ಕಳೆದ ಮೇಲೆ ನನ್ನ ಹೋಟೆಲಿನಲ್ಲೇ ಕಾಫಿ ಹಂಚುತ್ತಿದ್ದಳು. ಕೆಲಸ ಕೊಟ್ಟೆ ಅಂತ ನಾನು ದೊಡ್ಡಸ್ತಿಕೆ ಕೊಚ್ಚಿಕೊಳ್ಳುವ ಹಾಗಿಲ್ಲ. ಅನಿಕಾ ಬಿಟ್ಟು ಹೋಗ್ತೀನಿ ಅಂದಿದ್ಲಂತೆ ಅಂತ ಮೊದಲು ಹೇಳಿದವರು ಯಾರು ಅಂತ ಹುಡುಕಿದೆ. ಅವರಿಂದ ಇವರಿಗೆ, ಇವರಿಂದ ಅವರಿಗೆ ಅಂತ ಹುಡುಕುತ್ತ ಹೋದರೆ, ಆ ಮಾತು ನನ್ನ ಕೌಂಟರಿನ ಹತ್ತಿರವೇ ಬಂದು ನಿಂತಿತು. ವೇಡ್ ಮುಂದೆ ನಿಂತು, ತುಂಬಿದ ಹೋಟೆಲಿನಲ್ಲಿ, "ಅದು ನಾನು ಕಟ್ಟಿದ ಸುಳ್ಳು" ಅಂದೆ. ಅವನು ತಲೆ ಆಡಿಸಿ ಕಾಫಿ ಕುಡಿದ. ಅವತ್ತು ನನಗೆ ನಿದ್ದೆ ಬಂತು ಅಂತ ಮಾತ್ರ ಹೇಳಬಲ್ಲೆ.

ಸೆಪ್ಟೆಂಬರಿನವರೆಗೂ ಅವಳು ಪಿಸ್ತೂಲು ಮುಟ್ಟಲಿಲ್ಲ. ಅಕ್ಟೋಬರಿನಲ್ಲಿ ಒಂದು ದಿನ ತಾನೇ ತಗಡಿನ ಡಬ್ಬಿಯನ್ನು ಹೊರಗಿನ ಗಾಡಿಗೆ ಹಾಕಿ ಬೀಗ ಜಡಿದು, ಬೀಗದ ಕೈಯನ್ನು ವೇಡ್‌ನ ಜೇಬಿಗೆ ಹಾಕಿದಳು. ಡೆಪ್ಯುಟಿ ಕೆಲಸ ಇನ್ನೂ ಖಾಲಿಯೇ ಇತ್ತು. ಈ ಬಯಲಿಗೆ ಬೇರೆ ಯಾರು ಬರುತ್ತಾರೆ?

ನವೆಂಬರಿನ ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಹೊರಗೆ ಮೊದಲ ಹಿಮ ಉದುರುತ್ತಿತ್ತು. ಅವಳು ಕೋಣೆಯಲ್ಲಿ, ವೇಡ್ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದ.

ಟಕ್. ಟಕ್. ಟಕ್.

ಕೊನೆಯ ಸಲ ನಾಣ್ಯ ಬಿತ್ತು. ಅದು ಉರುಳಿ ಮೇಜಿನ ಕೆಳಗೆ ಹೋಯಿತು. ಕ್ರಿಸ್ಟಾ ಅದನ್ನು ನೋಡುತ್ತ ನಿಂತಳು, ಬೆರಳು ಜುಮ್ಮೆಂದಿತು. ಎತ್ತಿಕೊಳ್ಳಲಿಲ್ಲ.

"ಮುಗೀತು," ಅಂದಳು ಗಟ್ಟಿಯಾಗಿ.

ಆಚೆ ಚಾಕುವಿನ ಸದ್ದು ನಿಂತಿತು. ಎಂದಿನಂತೆ ಮೌನ. ಅವಳು ಪಿಸ್ತೂಲು ಬಿಚ್ಚಿ ನೋಡಿದಳು, ಬೆರಳು ಹಾಕಿ ಮುಟ್ಟಿದಳು, ಮತ್ತೊಮ್ಮೆ ನೋಡಿ ಮೇಜಿನ ಮೇಲಿಟ್ಟಳು. ಕಾಗದ ಕಿತ್ತು ಕೈಯಲ್ಲಿ ಹಿಡಿದಳು. ಅವನು ಹೇಳುತ್ತಾನಾ? ಇನ್ನು ಯಾವತ್ತಾದರೂ ಹೇಳುತ್ತಾನಾ?

ತುಂಬ ಹೊತ್ತಾದ ಮೇಲೆ ಅಡುಗೆಮನೆಯಿಂದ ಒಡೆದ ದನಿ ಬಂತು.

"ಕೇಳಿಸ್ತು."

ಕ್ರಿಸ್ಟಾ ಕಣ್ಣು ಮುಚ್ಚಿಕೊಂಡಳು.

"ಬರ್ಲಾ?" ಅಂದ ವೇಡ್.

ಅವಳು ಕೈಯಲ್ಲಿದ್ದ ಕಾಗದ ನೋಡಿದಳು. ಮೇಜಿನ ಮೇಲೆ ಬಾಯಿ ತೆರೆದುಕೊಂಡು ಬಿದ್ದಿದ್ದ ಖಾಲಿ ಪಿಸ್ತೂಲನ್ನು ನೋಡಿದಳು. ಮತ್ತೊಮ್ಮೆ ಬೆರಳು ಹಾಕಿ ಮುಟ್ಟಿ ನೋಡಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಯಿಂದ ದೂರ ಸರಿದು ನಿಂತಳು.

"ಬಾ," ಅಂದಳು.